ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನವೆಂಬರಿನ ಕೊನೆಯ ಶನಿವಾರದ ಮರುದಿನ ಎರಡು ಬಗೆಯದಾಗಿರುತ್ತದೆ. ಮಿಷಿಗನ್ ವಿರುದ್ಧದ ಕಾಲೇಜು ಫುಟ್‌ಬಾಲ್ ಪಂದ್ಯ ಗೆದ್ದಿದ್ದರೆ ಊರು ತಡವಾಗಿ ಏಳುತ್ತದೆ, ಕೆಂಪು ಅಂಗಿ ತೊಟ್ಟು ಓಡಾಡುತ್ತದೆ, ಮಾತು ಕಡಿಮೆ. ಸೋತಿದ್ದರೆ ಊರಿಗೆ ಊರೇ ವಿಮರ್ಶಕ. ಕಾಫಿ ಅಂಗಡಿಯ ಸಾಲಿನಲ್ಲಿ, ಚರ್ಚಿನ ಪಾರ್ಕಿಂಗ್ ಜಾಗದಲ್ಲಿ, ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಮ್ಮ ಸರದಿಗೆ ಕಾಯುವವರಲ್ಲಿ, ಎಲ್ಲೆಡೆ ಒಂದೇ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಇವನೇ ಇರಬೇಕೇ? ಬೆಂಚಿನ ಮೇಲೆ ಕೂತಿರುವ ಆ ಇನ್ನೊಬ್ಬ ಹುಡುಗನಿಗೆ ಯಾಕೆ ಕೊಡಬಾರದು?

ಈ ವಾದವನ್ನು ಹುಚ್ಚು ಅಭಿಮಾನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ವಾರಕ್ಕೊಂದು ಪ್ರದರ್ಶನವನ್ನು ಕಣ್ಣು ಮಿಟುಕಿಸದೆ ನೋಡಿ, ಹಿಂದಿನ ಪ್ರದರ್ಶನಗಳ ಜೊತೆ ಹೋಲಿಸಿ, ಗುಣದೋಷ ಎಣಿಸಿ, ಕೊನೆಗೊಂದು ತೀರ್ಪು ಕೊಡುವ ಜನರನ್ನು ಬೇರೆ ಯಾವ ಕ್ಷೇತ್ರದಲ್ಲಾದರೂ ವಿಮರ್ಶಕರು ಎಂದೇ ಕರೆಯುತ್ತೇವೆ. ಹಾಗಿದ್ದ ಮೇಲೆ ಅವರ ವಿಮರ್ಶೆಯನ್ನೂ ವಿಮರ್ಶೆಗೆ ಒಡ್ಡಬಹುದು. ಅದಕ್ಕೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ 2023 ಮತ್ತು 2024ರ ತಂಡಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಎರಡೂ ವರ್ಷ ಎದುರಾಳಿ ಅದೇ, ಸೋಲೂ ಅದೇ, ಕ್ವಾರ್ಟರ್‌ಬ್ಯಾಕ್ ಮಾತ್ರ ಬೇರೆ. ಮೊದಲನೆಯವನು ಊರು ಬಿಟ್ಟ. ಎರಡನೆಯವನು ಐವತ್ತೊಂದು ದಿನಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ.

ಕಾಲೇಜು ಫುಟ್‌ಬಾಲ್ ಎಂದಾಗ ನಮ್ಮ ಅಂತರಕಾಲೇಜು ಪಂದ್ಯಾವಳಿಯನ್ನು ನೆನೆಯಬಾರದು. ಒಹಾಯೊ ಸ್ಟೇಡಿಯಮ್ಮಿನಲ್ಲಿ 1,02,780 ಜನ ಕೂರಬಹುದು, ಮಿಷಿಗನ್‌ನವರದು ಅದಕ್ಕಿಂತಲೂ ದೊಡ್ಡದು. ಇವೆರಡು ತಂಡಗಳು ಮೊದಲು ಎದುರಾದದ್ದು 1897ರಲ್ಲಿ. ಪಂದ್ಯದ ವಾರ ಒಹಾಯೊ ಸ್ಟೇಟ್ ಕ್ಯಾಂಪಸ್ಸಿನ ಫಲಕಗಳಲ್ಲಿರುವ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪಿನ ಅಡ್ಡಗೀಟು ಬೀಳುತ್ತದೆ. ಜಾನ್ ಕೂಪರ್ ಎಂಬ ಕೋಚ್ ಇಲ್ಲಿ ಹದಿಮೂರು ವರ್ಷ ಇದ್ದು ನೂರಕ್ಕೂ ಹೆಚ್ಚು ಪಂದ್ಯ ಗೆದ್ದುಕೊಟ್ಟವರು. ಊರಿಗೆ ಇವತ್ತಿಗೂ ನೆನಪಿರುವುದು ಮಿಷಿಗನ್ ಎದುರು ಅವರು ಗೆದ್ದ ಎರಡು, ಸೋತ ಹತ್ತು. ಅಲ್ಲಿನ ಕನ್ನಡಿಗರಿಗೂ ಈ ಸೋಂಕು ತಗುಲಿದೆ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮೊದಲು ಫುಟ್‌ಬಾಲ್ ವೇಳಾಪಟ್ಟಿ ನೋಡುವವರಿದ್ದಾರೆ.

ಆಟದ ಬಗ್ಗೆ ಇಷ್ಟು ತಿಳಿದರೆ ಸಾಕು. ಹನ್ನೊಂದು ಜನರಲ್ಲಿ ಐವರು ಮುಂದೆ ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಇವರನ್ನು ಲೈನ್ ಎನ್ನುತ್ತಾರೆ. ನಡುವಿನ ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಿಂದ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಮೂರು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎದುರಾಳಿಯ ರಕ್ಷಣಾ ವ್ಯೂಹವನ್ನು ಓದಬೇಕು, ಓಡುತ್ತಿರುವ ನಾಲ್ಕೈದು ಜನರಲ್ಲಿ ಯಾರ ಮುಂದೆ ಜಾಗ ತೆರೆದಿದೆ ಎಂದು ಕಾಣಬೇಕು, ಅವನು ಈಗ ಇರುವಲ್ಲಿಗಲ್ಲ, ಇನ್ನೊಂದು ಕ್ಷಣಕ್ಕೆ ತಲುಪುವಲ್ಲಿಗೆ ಚೆಂಡು ಎಸೆಯಬೇಕು. ಲೈನ್‌ನ ಐವರು ಎದುರಾಳಿಗಳನ್ನು ತಡೆದು ಹಿಡಿದಷ್ಟು ಹೊತ್ತು ಮಾತ್ರ ಇದೆಲ್ಲ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಆ ಕಡೆಗೆ. ಕ್ರಿಕೆಟ್ಟಿನಲ್ಲಿ ಪ್ರತಿ ಎಸೆತಕ್ಕೂ ಬೌಲರ್ ಒಬ್ಬ, ಬ್ಯಾಟರ್ ಒಬ್ಬ, ಯಾರದು ಯಾವ ಕೆಲಸ ಎಂಬುದು ಕಣ್ಣೆದುರೇ ಇರುತ್ತದೆ. ಇಲ್ಲಿ ಹನ್ನೊಂದು ಜನರ ಕೆಲಸ ಒಬ್ಬನ ಖಾತೆಗೆ ಜಮೆಯಾಗುತ್ತದೆ. ಟಿವಿ ಕ್ಯಾಮೆರಾ ಹೋಗುವುದು ಚೆಂಡಿನ ಹಿಂದೆ, ಚೆಂಡು ಇರುವುದು ಇವನ ಕೈಯಲ್ಲಿ. ಲೈನ್‌ನ ಹೋರಾಟ ಪರದೆಯ ಮೇಲೆ ಮೈಗೆ ಮೈ ತಾಗಿದ ಒಂದು ಗುಂಪಾಗಿ ಮಾತ್ರ ಕಾಣುತ್ತದೆ. ಸೋತಾಗ ನೋಡುಗನಿಗೆ ನೆನಪಿರುವ ಮುಖ ಒಂದೇ.

2023ರ ನವೆಂಬರ್ 25, ಮಿಷಿಗನ್‌ನ ಊರು ಆ್ಯನ್ ಆರ್ಬರ್. ಎರಡೂ ತಂಡಗಳು ಹನ್ನೊಂದಕ್ಕೆ ಹನ್ನೊಂದು ಪಂದ್ಯ ಗೆದ್ದು ಬಂದಿದ್ದವು. ಮಿಷಿಗನ್ 30, ಒಹಾಯೊ ಸ್ಟೇಟ್ 24. ಉಳಿದದ್ದು ಒಂದು ನಿಮಿಷಕ್ಕಿಂತ ಕೊಂಚ ಹೆಚ್ಚು, ಚೆಂಡನ್ನು ಗೋಲಿನ ಗೆರೆ ದಾಟಿಸುವ ಟಚ್‌ಡೌನ್ ಒಂದನ್ನು ಬಿಟ್ಟರೆ ಬೇರಾವುದೂ ಸಾಲದು. ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕೈಲ್ ಮೆಕಾರ್ಡ್ ಪಾಸಿನ ಮೇಲೆ ಪಾಸ್ ಎಸೆದು ತಂಡವನ್ನು ಮಿಷಿಗನ್ ಭಾಗದೊಳಕ್ಕೆ ತಂದಿದ್ದ. ಮುಂದಿನದನ್ನು ಕೊಲಂಬಸ್ಸಿನ ಯಾರನ್ನು ಕೇಳಿದರೂ ಹೇಳುತ್ತಾರೆ: ಮಾರ್ವಿನ್ ಹ್ಯಾರಿಸನ್ ಜೂನಿಯರ್ ಕಡೆಗೆ ಎಸೆದ ಚೆಂಡು ಗುರಿ ಮುಟ್ಟದೆ ಮಿಷಿಗನ್‌ನ ರಾಡ್ ಮೂರ್ ಕೈಗೆ ಬಿತ್ತು, ಗಡಿಯಾರದಲ್ಲಿ 25 ಸೆಕೆಂಡ್ ಉಳಿದಿತ್ತು, ಅಲ್ಲಿಗೆ ಋತುವೇ ಮುಗಿಯಿತು.

ಆ ಎಸೆತವನ್ನು ನಿಧಾನಗತಿಯಲ್ಲಿ ನೋಡಿದರೆ ಕತೆ ಸ್ವಲ್ಪ ಬೇರೆ. ಮೆಕಾರ್ಡ್ ಹಿಂದಕ್ಕೆ ಸರಿದು ಪಾದ ಊರಿ ನಿಂತಿದ್ದಾನೆ. ಹ್ಯಾರಿಸನ್ ಒಳಮುಖವಾಗಿ ತಿರುಗುತ್ತಿದ್ದಾನೆ, ಅವನನ್ನು ಆರಿಸಿದ್ದು ತಪ್ಪಲ್ಲ. ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಹೊತ್ತಿಗೆ ಮಿಷಿಗನ್‌ನ ಜೇಲನ್ ಹ್ಯಾರೆಲ್ ಅಂಚಿನಿಂದ ನುಗ್ಗಿ ಬಂದು ಮೇಲೆ ಬಿದ್ದಿದ್ದಾನೆ. ತೋಳಿಗೆ ತಡೆ ಬಿದ್ದಿತು, ಚೆಂಡಿನ ಬಿರುಸು ಇಳಿಯಿತು, ಗಾಳಿಯಲ್ಲಿ ತೇಲಿತು. ತೇಲಿದ ಚೆಂಡಿಗೆ ಒಡೆಯರಿಲ್ಲ, ಮೂರ್ ಹತ್ತಿರದಲ್ಲಿದ್ದ. ಇಲ್ಲಿ ತಪ್ಪಿದ್ದು ಯಾರು? ಹ್ಯಾರೆಲ್‌ನನ್ನು ತಡೆಯಬೇಕಾಗಿದ್ದ ಲೈನ್‌ನವನೇ? ಅರ್ಧ ಸೆಕೆಂಡ್ ಬೇಗ ಎಸೆಯದ ಕ್ವಾರ್ಟರ್‌ಬ್ಯಾಕೇ? ಅಷ್ಟು ಹೊತ್ತು ಬೇಡುವ ಆಟವನ್ನು ಆರಿಸಿದ ಕೋಚೇ? ಮೂವರೂ ಪಾಲುದಾರರೆಂದು ನಾನು ಎಣಿಸುತ್ತೇನೆ. ಅಂಕಿಅಂಶದ ಹಾಳೆಯಲ್ಲಿ ಮಾತ್ರ ಇಂಟರ್‌ಸೆಪ್ಷನ್ ಎಂಬ ಕಲಮಿನಲ್ಲಿ ಮೆಕಾರ್ಡ್ ಹೆಸರೊಂದೇ ಇದೆ.

ಆ ಹಾಳೆಯ ಉಳಿದ ಸಾಲುಗಳನ್ನೂ ನೋಡೋಣ. 30 ಪಾಸ್‌ಗಳಲ್ಲಿ 18 ಗುರಿ ಮುಟ್ಟಿದವು, 271 ಗಜ, ಎರಡು ಟಚ್‌ಡೌನ್, ಎರಡು ಇಂಟರ್‌ಸೆಪ್ಷನ್. ಎರಡರಲ್ಲಿ ಮೊದಲನೆಯದಕ್ಕೆ ನನ್ನಲ್ಲೂ ಸಮಜಾಯಿಷಿ ಇಲ್ಲ. ಪಂದ್ಯದ ಆರಂಭದಲ್ಲೇ ವಿಲ್ ಜಾನ್ಸನ್ ಚೆಂಡನ್ನು ಕಸಿದು ಗೋಲಿನ ಹತ್ತಿರಕ್ಕೇ ಒಯ್ದ, ಮಿಷಿಗನ್ ಅದನ್ನು ಟಚ್‌ಡೌನ್ ಮಾಡಿಕೊಂಡಿತು. ಆರು ಅಂಕಗಳ ಅಂತರದ ಸೋಲಿನಲ್ಲಿ ಅದು ಸಣ್ಣ ತಪ್ಪಲ್ಲ. ಆದರೆ ಅದೇ ಪಂದ್ಯದ ದ್ವಿತೀಯಾರ್ಧದಲ್ಲಿ ಒಹಾಯೊ ಸ್ಟೇಟ್ ರಕ್ಷಣಾ ಪಡೆ 16 ಅಂಕ ಬಿಟ್ಟುಕೊಟ್ಟಿತು. ಕೊನೆಯ ಘಟ್ಟದಲ್ಲಿ ಮಿಷಿಗನ್ ಸುಮಾರು ಏಳು ನಿಮಿಷ ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡಿತು, ತಡೆಯಲು ಆಗಲಿಲ್ಲ. ಮೊದಲಾರ್ಧದ ಕೊನೆಗೆ ಕೋಚ್ ರಯಾನ್ ಡೇ ಇನ್ನೊಂದು ಪ್ರಯತ್ನದ ಧೈರ್ಯ ಮಾಡದೆ ಚೆಂಡನ್ನು ಕಂಬಗಳ ನಡುವೆ ಒದೆಯುವ 52 ಗಜದ ಫೀಲ್ಡ್ ಗೋಲಿಗೆ ಹೋದರು, ಅದು ತಪ್ಪಿತು. ಭಾನುವಾರದ ವಾದದಲ್ಲಿ ಇವೆಲ್ಲ ಬಂದವು, ಇಲ್ಲವೆನ್ನುವುದಿಲ್ಲ. ಬಂದದ್ದು ಮಾತ್ರ ಉಪ್ಪಿನಕಾಯಿಯಂತೆ, ಊಟಕ್ಕೆ ಮೆಕಾರ್ಡ್.

ಅಭಿಮಾನಿಗಳ ಪಕ್ಷವನ್ನು ಅದರ ಒಳ್ಳೆಯ ರೂಪದಲ್ಲೇ ಕೇಳಬೇಕು. ಒಹಾಯೊ ಸ್ಟೇಟ್‌ನಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸಕ್ಕಿರುವ ಗೆಳೆಯನೊಬ್ಬ ನನ್ನ ಸಮಜಾಯಿಷಿಗಳನ್ನೆಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಆ ಒಂದು ಪಾಸ್ ನೋಡಿ ಹೇಳ್ತಿದೀನಿ ಅಂದ್ಕೋಬೇಡ ಕಣೋ. ಇಡೀ ಸೀಸನ್ ನೋಡಿದೀನಿ. ಎದುರಿಗೆ ಜಾಗ ಖಾಲಿ ಇದ್ರೆ ಅವನಷ್ಟು ಚೆಂದ ಎಸೆಯೋರಿಲ್ಲ. ಮೈಮೇಲೆ ಯಾರಾದ್ರೂ ಬಂದ್ರೋ, ಕಾಲು ನೆಲಕ್ಕೆ ಅಂಟ್ಕೊಂಡ್ಬಿಡುತ್ತೆ. ಮಿಷಿಗನ್‌ನೋರು ಮೈಮೇಲೆ ಬರ್ದೇ ಇರ್ತಾರಾ?"

ಇದು ಒಳ್ಳೆಯ ವಿಮರ್ಶೆ. ಫಲಿತಾಂಶದಿಂದ ಹಿಂದಕ್ಕೆ ಕಟ್ಟಿದ ಕತೆಯಲ್ಲ, ಪಂದ್ಯದಿಂದ ಪಂದ್ಯಕ್ಕೆ ಕಂಡ ಒಂದು ಲಕ್ಷಣ. ಮತ್ತು ಅದು ನಿಜ. ಮೆಕಾರ್ಡ್ ಓಡುವ ಕ್ವಾರ್ಟರ್‌ಬ್ಯಾಕ್ ಅಲ್ಲ, ಸುತ್ತಲಿನ ಕಟ್ಟು ಮುರಿದಾಗ ತಾನೇ ದಾರಿ ಮಾಡಿಕೊಳ್ಳುವ ಗುಣ ಅವನಲ್ಲಿ ಕಡಿಮೆ. ನೂರು ಜನ ಕೂಗುವ ಮಾತಿನಲ್ಲಿ ಇಂಥ ಒಂದೆರಡು ಸೂಕ್ಷ್ಮ ಗಮನಿಕೆಗಳು ಇದ್ದೇ ಇರುತ್ತವೆ. ಟಿವಿಯ ವೃತ್ತಿಪರ ವಿಶ್ಲೇಷಕರು ವಾರಕ್ಕೆ ಹತ್ತು ತಂಡ ನೋಡುತ್ತಾರೆ. ಊರಿನ ಅಭಿಮಾನಿ ಒಂದೇ ತಂಡವನ್ನು ನೋಡುತ್ತಾನೆ, ಮತ್ತೆ ಮತ್ತೆ ನೋಡುತ್ತಾನೆ. ಆ ಬಗೆಯ ನಿಕಟತೆಗೆ ಬೆಲೆಯಿದೆ.

ಆದರೆ ಗೆಳೆಯನ ಮಾತಿಗೆ ಅದೇ ಋತುವಿನ ಇನ್ನೊಂದು ರಾತ್ರಿಯನ್ನು ಎದುರು ಇಡಬೇಕು. 2023ರ ಸೆಪ್ಟೆಂಬರ್ 23, ನಾಟರ್ ಡೇಮ್ ಅಂಗಳ, ಒಹಾಯೊ ಸ್ಟೇಟ್ ನಾಲ್ಕು ಅಂಕ ಹಿಂದೆ, ಸಮಯ ಮುಗಿಯುತ್ತಿದೆ. ಮೂರನೇ ಪ್ರಯತ್ನ, ಬೇಕಾದದ್ದು 19 ಗಜ. ಮೆಕಾರ್ಡ್ ಎಸೆದ ಚೆಂಡು ಎಮೆಕಾ ಎಗ್ಬುಕಾ ಕೈ ಸೇರಿ ತಂಡ ಗೋಲಿನ ಹೊಸ್ತಿಲಿಗೆ ಬಂತು. ಕೊನೆಯ ಗಳಿಗೆಯಲ್ಲಿ ಚಿಪ್ ಟ್ರೇಯನಮ್ ಒಂದು ಗಜ ನುಗ್ಗಿ ಟಚ್‌ಡೌನ್ ಮಾಡಿದ, 17–14. ಆ ಕೊನೆಯ ನುಗ್ಗುವಿಕೆಯ ಹೊತ್ತಿಗೆ ನಾಟರ್ ಡೇಮ್ ಹನ್ನೊಂದರ ಬದಲು ಹತ್ತೇ ಆಟಗಾರರನ್ನು ಅಂಗಳದಲ್ಲಿ ನಿಲ್ಲಿಸಿತ್ತು. ಆವತ್ತು ಯಾರೂ ಗೆಲುವನ್ನು ಹತ್ತು ಜನರ ಲೆಕ್ಕಕ್ಕೆ ಬರೆಯಲಿಲ್ಲ. ಒತ್ತಡದಲ್ಲಿ ಗಟ್ಟಿ ನಿಲ್ಲುವ ಹುಡುಗ ಎಂದೇ ಬರೆದರು. ಈ ವಿಮರ್ಶಾ ಪದ್ಧತಿಯ ಮೂಲ ದೋಷ ಇರುವುದು ಇಲ್ಲಿ: ಗೆದ್ದಾಗಿನ ಅದೃಷ್ಟ ಗುಣವಾಗಿ ಪರಿವರ್ತನೆಯಾಗುತ್ತದೆ, ಸೋತಾಗಿನ ದುರದೃಷ್ಟ ದೋಷವಾಗಿ. ಆಟಗಾರ ಎರಡೂ ಕಡೆ ಅವನೇ.

ಹಾಗೆ ನೋಡಿದರೆ ಮೆಕಾರ್ಡ್‌ಗಿಂತ ಮೊದಲು ಅದೇ ಜಾಗದಲ್ಲಿದ್ದ ಸಿ.ಜೆ. ಸ್ಟ್ರೌಡ್‌ನನ್ನೂ ಈ ಊರು ಬಿಟ್ಟಿರಲಿಲ್ಲ. 2021ರಲ್ಲಿ 42–27, 2022ರಲ್ಲಿ ಸ್ವಂತ ಅಂಗಳದಲ್ಲೇ 45–23, ಎರಡೂ ಸಲ ಮಿಷಿಗನ್‌ಗೆ ಸೋತವನು ಎಂಬ ಹಣೆಪಟ್ಟಿ. 2022ರ ಪಂದ್ಯದಲ್ಲಿ ಅವನು 349 ಗಜ ಎಸೆದಿದ್ದ, ಮಿಷಿಗನ್ ಆಟಗಾರರು 75, 85 ಗಜದ ಓಟಗಳನ್ನು ಯಾರ ತಡೆಯೂ ಇಲ್ಲದೆ ಓಡಿದ್ದರು. ಮರುವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಕ್ರಮಣ ವಿಭಾಗದ ಅತ್ಯುತ್ತಮ ಹೊಸಬ ಪ್ರಶಸ್ತಿ ಸ್ಟ್ರೌಡ್‌ಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ನಮ್ಮ ಗಾದೆಗೆ ಇಷ್ಟು ನೇರ ಉದಾಹರಣೆ ಹುಡುಕಿದರೂ ಸಿಗದು. ಕಾಯಿಲೆ ರಕ್ಷಣಾ ಪಡೆಗೆ ಇತ್ತು.

ಮೆಕಾರ್ಡ್ ಬಗ್ಗೆ ಯಾರೂ ಕೇಳದೆ ಉಳಿದ ಪ್ರಶ್ನೆ: ಇವನನ್ನು ತೆಗೆದರೆ ಯಾರು? ಅವನ ಋತು 24 ಟಚ್‌ಡೌನ್, 6 ಇಂಟರ್‌ಸೆಪ್ಷನ್, 11 ಗೆಲುವು, ಒಂದು ಸೋಲು. ಮುಂದಿನ ವರ್ಷವೂ ಜಾಗ ನಿನ್ನದೇ ಎಂಬ ಭರವಸೆ ಕೋಚ್ ಬಾಯಲ್ಲಿ ಬರಲಿಲ್ಲ. ಸೋತ ಒಂಬತ್ತನೇ ದಿನ, ಡಿಸೆಂಬರ್ 4ರಂದು, ಅವನು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ವರ್ಗಾವಣೆ ಪಟ್ಟಿಗೆ ಹೆಸರು ಕೊಟ್ಟ. ಬೆಂಚಿನ ಮೇಲಿನವರ ಸರದಿ ಬಂದದ್ದು ಡಿಸೆಂಬರ್ 29ರ ಕಾಟನ್ ಬೌಲ್‌ನಲ್ಲಿ. ಡೆವಿನ್ ಬ್ರೌನ್ ಮೊದಲಾರ್ಧದಲ್ಲೇ ಗಾಯಗೊಂಡ, ಮೊದಲ ವರ್ಷದ ಲಿಂಕನ್ ಕೀನ್‌ಹೋಲ್ಜ್ ಒಳಗೆ ಬಂದ. ಮಿಸ್ಸೂರಿ 14, ಒಹಾಯೊ ಸ್ಟೇಟ್ 3. ಇಡೀ ಪಂದ್ಯಕ್ಕೆ ಒಂದೇ ಒಂದು ಫೀಲ್ಡ್ ಗೋಲ್. ಅದಕ್ಕೆ ಬಂದ ವಿವರಣೆಗಳು ಕೇಳುವಂತಿದ್ದವು: ಹ್ಯಾರಿಸನ್ ಆಡಲಿಲ್ಲ, ಲೈನ್ ಕುಸಿಯಿತು, ಹುಡುಗರಿಗೆ ಅನುಭವ ಸಾಲದು. ಎಲ್ಲವೂ ಒಪ್ಪತಕ್ಕವೇ. ಇದೇ ಲೈನ್ ತಿಂಗಳ ಹಿಂದೆ ಮೆಕಾರ್ಡ್‌ನ ಮುಂದೆಯೂ ಇತ್ತಲ್ಲ, ಆಗ ಈ ಉದಾರತೆ ಎಲ್ಲಿ ಹೋಗಿತ್ತು ಎಂಬುದಷ್ಟೇ ನನ್ನ ತಕರಾರು.

ಬದಲಾಯಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವಿದೆ. ಅದು ಒಮ್ಮೊಮ್ಮೆ ನಿಜವಾಗುತ್ತದೆ. 2018ರ ಜನವರಿ 8ರ ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾ ಮಧ್ಯಂತರಕ್ಕೆ ಜಾರ್ಜಿಯಾ ಎದುರು 13–0 ಹಿಂದಿತ್ತು. ಎರಡು ಋತುಗಳಲ್ಲಿ ಎರಡೇ ಪಂದ್ಯ ಸೋತಿದ್ದ ಜೇಲನ್ ಹರ್ಟ್ಸ್‌ನನ್ನು ಕೋಚ್ ನಿಕ್ ಸೇಬನ್ ಕೂರಿಸಿ ಮೊದಲ ವರ್ಷದ ಟುವಾ ಟಂಗೊವೈಲೋವಾನನ್ನು ಕಳಿಸಿದರು. ಹೆಚ್ಚುವರಿ ಅವಧಿಯಲ್ಲಿ 41 ಗಜದ ಒಂದು ಪಾಸ್, ಡೆವಾಂಟಾ ಸ್ಮಿತ್ ಕೈಗೆ; ಅಲಬಾಮಾ 26–23ರಿಂದ ಚಾಂಪಿಯನ್. ಅಮೆರಿಕದ ಪ್ರತಿಯೊಬ್ಬ ಅತೃಪ್ತ ಅಭಿಮಾನಿಯ ಜೇಬಿನಲ್ಲಿ ಈ ಒಂದು ಪಂದ್ಯ ಇರುತ್ತದೆ. ಅದೇ ಕತೆಯ ಎರಡನೇ ಭಾಗ ಜೇಬಿನಲ್ಲಿ ಇರುವುದಿಲ್ಲ: ಅದೇ ವರ್ಷ ಡಿಸೆಂಬರಿನ ಎಸ್‌ಇಸಿ ಎಂಬ ಪ್ರಾದೇಶಿಕ ಕೂಟದ ಫೈನಲ್‌ನಲ್ಲಿ ಟುವಾ ಗಾಯಗೊಂಡಾಗ ಬೆಂಚಿನಿಂದ ಎದ್ದು ಬಂದು ಅದೇ ಜಾರ್ಜಿಯಾವನ್ನು ಸೋಲಿಸಿದ್ದು ಹರ್ಟ್ಸ್. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರನೂ ಅವನೇ. ಅಂಗಳಕ್ಕೆ ಇಳಿಯದವನ ತಪ್ಪುಗಳು ಯಾರಿಗೂ ಕಾಣುವುದಿಲ್ಲ. ದೂರದ ಬೆಟ್ಟ ನುಣ್ಣಗೆ.

ಮೆಕಾರ್ಡ್‌ನ ಜಾಗಕ್ಕೆ ಬಂದವನು ವಿಲ್ ಹೋವರ್ಡ್, ಕಾನ್ಸಾಸ್ ಸ್ಟೇಟ್‌ನಿಂದ. ಕಾಲಿನಲ್ಲೂ ಚುರುಕು, ಗಟ್ಟಿಮುಟ್ಟಾದ ಆಳು, ಅಂದರೆ ಗೆಳೆಯನ ದೂರಿಗೆ ಸರಿಯಾದ ಪರಿಹಾರ. 2024ರ ಅಕ್ಟೋಬರ್ 12ರಂದು ಆರೆಗನ್ ವಿರುದ್ಧ 32–31ರಲ್ಲಿ ಸೋತದ್ದು ಇದೇ ಕಾಲಿನಿಂದ. ಕೊನೆಯ ಕ್ಷಣಗಳಲ್ಲಿ ಹೋವರ್ಡ್ ಚೆಂಡು ಹಿಡಿದು ಓಡಿ, ಸಮಯ ನಿಲ್ಲಿಸಲೆಂದು ಜಾರಿ ಕುಳಿತ. ಕುಳಿತ ಹೊತ್ತಿಗೆ ಗಡಿಯಾರ ಸೊನ್ನೆ ತಲುಪಿತ್ತು. ಅವತ್ತು ಅವನು ಎಸೆದದ್ದು 326 ಗಜ. ಒಂದು ಸೆಕೆಂಡ್ ಬೇಗ ಜಾರಿದ್ದರೆ ಫೀಲ್ಡ್ ಗೋಲಿಗೆ ಅವಕಾಶವಿತ್ತು. ಅದಕ್ಕೂ ಮುಂಚಿನ ಒಂದು ಆಟದಲ್ಲಿ ಆರೆಗನ್ ಹನ್ನೆರಡು ಜನರನ್ನು ಇಳಿಸಿ, ಐದು ಗಜದ ದಂಡ ಕಟ್ಟಿ, ನಾಲ್ಕು ಅಮೂಲ್ಯ ಸೆಕೆಂಡುಗಳನ್ನು ಕರಗಿಸಿತ್ತು. ಮುಂದಿನ ವಾರವೇ ನಿಯಮದಲ್ಲಿ ಆ ಸಂದನ್ನು ಮುಚ್ಚಬೇಕಾಯಿತು. ಅಷ್ಟು ಜಾಣ ಮೋಸದ ಎದುರೂ ಊರಿಗೆ ಕಂಡದ್ದು ಹೋವರ್ಡ್ ಜಾರಿದ ಗಳಿಗೆ.

ನವೆಂಬರ್ 30ರಂದು ಕೊಲಂಬಸ್‌ನಲ್ಲಿ ನಡೆದದ್ದಕ್ಕೆ ಹೋಲಿಸಿದರೆ ಇದೆಲ್ಲ ಪೀಠಿಕೆ. ಒಹಾಯೊ ಸ್ಟೇಟ್ ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು. ಮಿಷಿಗನ್ ಆರು ಗೆದ್ದು ಐದು ಸೋತು, ಯಾವ ಪಟ್ಟಿಯಲ್ಲೂ ಇಲ್ಲದೆ ಬಂದಿತ್ತು. ಮಿಷಿಗನ್ 13, ಒಹಾಯೊ ಸ್ಟೇಟ್ 10. ಹೋವರ್ಡ್ 33ರಲ್ಲಿ 19 ಪಾಸ್, 175 ಗಜ, ಎರಡು ಇಂಟರ್‌ಸೆಪ್ಷನ್. ಈ ಅಂಕಿಗಳ ಪಕ್ಕದಲ್ಲಿ ಗೆದ್ದವನ ಅಂಕಿಗಳನ್ನೂ ಇಡುತ್ತೇನೆ: ಮಿಷಿಗನ್‌ನ ಡೇವಿಸ್ ವಾರನ್, 62 ಗಜ, ಟಚ್‌ಡೌನ್ ಇಲ್ಲ, ಎರಡು ಇಂಟರ್‌ಸೆಪ್ಷನ್. ಪಂದ್ಯ ಗೆಲ್ಲಿಸುವುದು ಸೋಲಿಸುವುದು ಕ್ವಾರ್ಟರ್‌ಬ್ಯಾಕ್ ಎಂಬ ಸಿದ್ಧಾಂತದವರು ಈ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಆ ಪಂದ್ಯ ಸೋತದ್ದು ಬೇರೆಡೆ. ಮಿಷಿಗನ್‌ನ ರಕ್ಷಣೆಯ ನಟ್ಟನಡುವೆ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ಎಂಬ ಇಬ್ಬರು ದೈತ್ಯರಿದ್ದರು. ಮರುವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಇಬ್ಬರೂ ಹೋದರು. ಒಹಾಯೊ ಸ್ಟೇಟ್‌ನ ಲೈನ್‌ನಲ್ಲಿ ಸೆಂಟರ್ ಸೇಥ್ ಮೆಕ್‌ಲಾಫ್ಲಿನ್ ಮತ್ತು ಎಡತುದಿಯ ಜಾಶ್ ಸಿಮನ್ಸ್ ಗಾಯಗೊಂಡು ಹೊರಗಿದ್ದರು. ಅಂಗಳದ ಅಂಚುಗಳಲ್ಲಿ ಜೆರಮಯ ಸ್ಮಿತ್, ಎಗ್ಬುಕಾ ಥರದ, ದೇಶದ ಯಾವ ತಂಡವೂ ಅಸೂಯೆಪಡುವ ಆಟಗಾರರಿದ್ದರು. ಹೀಗಿರುವಾಗ ಒಹಾಯೊ ಸ್ಟೇಟ್ ಮತ್ತೆ ಮತ್ತೆ ಚೆಂಡನ್ನು ನಡುವಿಗೇ ನುಗ್ಗಿಸಿತು, ಗ್ರಹಾಂ ಮತ್ತು ಗ್ರಾಂಟ್ ಇರುವ ಕಡೆಗೇ. 26 ಓಟ, 77 ಗಜ. ಹಲವು ವರ್ಷಗಳಿಂದ ಮಿಷಿಗನ್‌ನವರು ತಮ್ಮನ್ನು ಮೆತ್ತನೆಯವರು ಎಂದು ಹೀಯಾಳಿಸುತ್ತಿದ್ದುದಕ್ಕೆ ಉತ್ತರ ಕೊಡುವ ಹಟವೇ ಅದರ ಹಿಂದಿತ್ತೇನೋ ಎಂದು ನೋಡಿದವರಿಗೆ ಅನ್ನಿಸುವಂತಿತ್ತು. ಸಾಲದ್ದಕ್ಕೆ ಕಿಕ್ಕರ್ ಎರಡು ಫೀಲ್ಡ್ ಗೋಲ್ ತಪ್ಪಿಸಿದ. ಸೋಲಿನ ಅಂತರ ಮೂರು ಅಂಕ, ಒಂದು ಫೀಲ್ಡ್ ಗೋಲಿನ ಬೆಲೆಯೂ ಮೂರು.

ಅದೇ ಮಧ್ಯಾಹ್ನ ಮೆಕಾರ್ಡ್ ಸಿರಕ್ಯೂಸ್ ಪರವಾಗಿ ಮಯಾಮಿ ವಿರುದ್ಧ ಆಡುತ್ತಿದ್ದ. 21–0 ಹಿಂದಿದ್ದ ತಂಡವನ್ನು ಎಬ್ಬಿಸಿ 42–38ರಿಂದ ಗೆಲ್ಲಿಸಿದ. ಆ ಋತುವಿನಲ್ಲಿ 4,779 ಗಜ, ಇಡೀ ದೇಶದಲ್ಲೇ ಹೆಚ್ಚು. ಇದನ್ನು ಹಿಡಿದು ನೋಡಿದಿರಾ ಎಂದು ಮೀಸೆ ತಿರುವಲು ನನಗೂ ಆಸೆಯಾಗುತ್ತದೆ. ಆದರೆ ಅದೇ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್ ಎದುರು ಅವನು ಐದು ಇಂಟರ್‌ಸೆಪ್ಷನ್ ಕೊಟ್ಟದ್ದೂ ನಿಜ, ಅವುಗಳಲ್ಲಿ ಮೂರನ್ನು ಎದುರಾಳಿಗಳು ನೇರ ಟಚ್‌ಡೌನಿಗೇ ಓಡಿಸಿದರು. ಗೆಳೆಯ ಕಂಡಿದ್ದ ಲಕ್ಷಣ ಅಲ್ಲೂ ಹಾಗೇ ಇತ್ತು. ಸಿರಕ್ಯೂಸ್‌ನವರು ಅವನನ್ನು ಅವನ ಬಲದ ಸುತ್ತ ಆಡಿಸಿದರು, ಪಂದ್ಯಕ್ಕೆ ನಲವತ್ತು ಐವತ್ತು ಪಾಸ್ ಎಸೆಯಲು ಬಿಟ್ಟರು, ತಪ್ಪುಗಳ ದಂಡವನ್ನು ಮೊದಲೇ ಒಪ್ಪಿಕೊಂಡಿದ್ದರು.

2024ರ ಸೋಲಿನ ನಂತರದ ವಾದ ಹಿಂದಿನ ವರ್ಷದಂತಿರಲಿಲ್ಲ ಎಂಬುದನ್ನು ಅಭಿಮಾನಿಗಳ ಪರವಾಗಿ ದಾಖಲಿಸಬೇಕು. ಹೋವರ್ಡ್‌ಗೂ ಏಟು ಬಿತ್ತು. ಆದರೆ ಹೆಚ್ಚಿನ ಕೋಪ ಹರಿದದ್ದು ಡೇ ಅವರ ಕಡೆಗೆ, ನಡುವಿಗೇ ನುಗ್ಗಿಸಿದ ಆಟದ ಆಯ್ಕೆಯ ಕಡೆಗೆ. ಎಷ್ಟೋ ಜನ ಸಾಮಾನ್ಯ ನೋಡುಗರು ಗ್ರಹಾಂ, ಗ್ರಾಂಟ್ ಹೆಸರು ಹಿಡಿದು, ಯಾವ ಪ್ರಯತ್ನದಲ್ಲಿ ಏನು ಮಾಡಬೇಕಿತ್ತೆಂದು ಮಾತಾಡಿದರು. ಧ್ವನಿ ಅಷ್ಟೇ ಕ್ರೂರವಾಗಿತ್ತು, ಕೋಚನ್ನು ಕಿತ್ತುಹಾಕಿ ಎಂಬ ಕೂಗು ಅದರ ಪಲ್ಲವಿ. ಆದರೂ ರೋಗನಿದಾನ ಸರಿಯಿತ್ತು. ರಾಷ್ಟ್ರೀಯ ಪಟ್ಟಕ್ಕಾಗಿ ಮುಂದೆ ನಡೆದ ಪ್ಲೇಆಫ್ ಪಂದ್ಯಗಳು ಅದನ್ನೇ ತೋರಿಸಿದವು. ಡಿಸೆಂಬರ್ 21ರಂದು ಟೆನೆಸಿ ಎದುರು ಚೆಂಡು ಮೊದಲಿಂದಲೇ ದೂರಕ್ಕೆ, ಸ್ಮಿತ್ ಕಡೆಗೆ ಹಾರಿತು: 42–17. ಜನವರಿ 1ರ ರೋಸ್ ಬೌಲ್‌ನಲ್ಲಿ ಎರಡನೇ ಕ್ವಾರ್ಟರ್ ಮುಗಿಯುವ ಮುಂಚೆ ಅದೇ ಆರೆಗನ್ ವಿರುದ್ಧ 34–0, ಕೊನೆಗೆ 41–21. ಟೆಕ್ಸಸ್ ಎದುರು 28–14. ಜನವರಿ 20ರಂದು ಅಟ್ಲಾಂಟದಲ್ಲಿ ನಾಟರ್ ಡೇಮ್ ವಿರುದ್ಧ 34–23. ಫೈನಲ್‌ನಲ್ಲಿ ಹೋವರ್ಡ್‌ನ ಮೊದಲ ಹದಿಮೂರು ಪಾಸ್‌ಗಳೂ ಗುರಿ ತಪ್ಪಲಿಲ್ಲ. ಕೊನೆಯಲ್ಲಿ ನಾಟರ್ ಡೇಮ್ ಬೆನ್ನು ಹತ್ತಿ ಬರುತ್ತಿದ್ದಾಗ, ಮೂರನೇ ಪ್ರಯತ್ನದಲ್ಲಿ 11 ಗಜ ಬೇಕಿದ್ದಾಗ, ಸ್ಮಿತ್‌ಗೆ 56 ಗಜದ ಪಾಸ್ ಎಸೆದು ಪಂದ್ಯಕ್ಕೆ ಬೀಗ ಹಾಕಿದ. ನಾಲ್ಕು ಪಂದ್ಯಗಳಲ್ಲಿ ಒಟ್ಟು 1,150 ಗಜ.

ಹಾಗಾದರೆ ಹೋವರ್ಡ್ ಬಂದದ್ದೇ ಸರಿಯಾಯಿತಲ್ಲ, ಅಭಿಮಾನಿಗಳು 2023ರಲ್ಲಿ ಕೇಳಿದ್ದೂ ಇದನ್ನೇ ಅಲ್ಲವೇ ಎಂಬ ವಾದ ಬರುತ್ತದೆ. ಅರ್ಧ ಒಪ್ಪುತ್ತೇನೆ. ಹೋವರ್ಡ್ ಮೆಕಾರ್ಡ್‌ಗಿಂತ ಈ ತಂಡಕ್ಕೆ ಹೆಚ್ಚು ಹೊಂದುವವನು. ಒಪ್ಪದ ಅರ್ಧ ಇದು: 2023ರವರೆಗೆ ಪ್ಲೇಆಫ್‌ಗೆ ಹೋಗುತ್ತಿದ್ದದ್ದು ನಾಲ್ಕೇ ತಂಡ. ಮಿಷಿಗನ್‌ಗೆ ಸೋತ ಮೆಕಾರ್ಡ್‌ನ ತಂಡಕ್ಕೆ ಬಾಗಿಲು ಅಲ್ಲೇ ಮುಚ್ಚಿತು. 2024ರಿಂದ ಹನ್ನೆರಡು ತಂಡ. ಇನ್ನೂ ಕಳಪೆಯಾಗಿ, ಇನ್ನೂ ದುರ್ಬಲ ಮಿಷಿಗನ್‌ಗೆ ಸೋತ ಹೋವರ್ಡ್‌ನ ತಂಡ ಎಂಟನೇ ಸ್ಥಾನ ಹಿಡಿದು ಒಳಗೆ ಬಂತು. ಹಳೇ ನಿಯಮವೇ ಇದ್ದಿದ್ದರೆ ಹೋವರ್ಡ್ ಹೆಸರು ಈ ಊರಿನಲ್ಲಿ ಇವತ್ತು ಯಾವ ಧ್ವನಿಯಲ್ಲಿ ಹೇಳಲ್ಪಡುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಸೋಲಿನ ನಂತರದ ಆ ಡಿಸೆಂಬರಿನಲ್ಲಿ ಟಿಕೆಟ್ ಮಾರಿಕೊಂಡು ಮನೆಯಲ್ಲುಳಿದವರು ಎಷ್ಟಿದ್ದರೆಂದರೆ, ಟೆನೆಸಿ ಪಂದ್ಯದ ದಿನ ಕೊಲಂಬಸ್ ಕ್ರೀಡಾಂಗಣದಲ್ಲಿ ಎದುರಾಳಿಗಳ ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು.

ಇಪ್ಪತ್ತು, ಇಪ್ಪತ್ತೊಂದರ ವಯಸ್ಸಿನ ವಿದ್ಯಾರ್ಥಿಗಳನ್ನು ಹೀಗೆ ಹರಿದು ಹಾಕಬಹುದೇ ಎಂಬ ನೈತಿಕ ಪ್ರಶ್ನೆಗೆ ಹಿಂದೆ ಉತ್ತರ ಸುಲಭವಿತ್ತು. ಈಗ ಹಾಗಿಲ್ಲ. 2021ರ ಜುಲೈನಿಂದ ಈ ಆಟಗಾರರು ತಮ್ಮ ಹೆಸರು, ಮುಖದಿಂದ ದುಡಿಯಬಹುದು. ಒಹಾಯೊ ಸ್ಟೇಟ್‌ನ 2024ರ ತಂಡಕ್ಕೆ ಹೀಗೆ ಸಂದದ್ದು ಸುಮಾರು ಎರಡು ಕೋಟಿ ಡಾಲರ್ ಎಂದು ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರೇ ಹೇಳಿದ್ದರು. ಹಣ ತೆಗೆದುಕೊಂಡವನು ಟೀಕೆಯನ್ನೂ ತೆಗೆದುಕೊಳ್ಳಲಿ ಎಂಬ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ಆಟದ ಟೀಕೆಗೆ ಅದು ಸಲ್ಲುತ್ತದೆ, ಹುಡುಗನ ಮನೆಯವರಿಗೆ ಕಳಿಸುವ ಬೈಗುಳಕ್ಕೆ ಯಾವ ಸಂಬಳವೂ ಪರವಾನಗಿಯಲ್ಲ. ಇನ್ನೊಂದು ಬದಲಾವಣೆ ಇದಕ್ಕಿಂತ ಆಳವಾದದ್ದು. ಹಿಂದೆ ಅಭಿಮಾನಿಗಳ ತೀರ್ಪು ಚಳಿಗಾಲವಿಡೀ ಕಾಫಿ ಅಂಗಡಿಯಲ್ಲೇ ತಣ್ಣಗಾಗುತ್ತಿತ್ತು, ಆಗಸ್ಟಿಗೆ ಅದೇ ಹುಡುಗ ಒಂದು ವರ್ಷ ಪಳಗಿ ಬರುತ್ತಿದ್ದ. ಈಗ ಒಂದು ಋತು ಕಾಯುವ ಶಿಕ್ಷೆಯಿಲ್ಲದೆ ತಂಡ ಬದಲಾಯಿಸಬಹುದು. ಕೋಚ್ ಮಾರುಕಟ್ಟೆಯಿಂದ ತಯಾರಾದ ಆಳನ್ನು ತರಬಹುದು, ಹುಡುಗ ಒಂಬತ್ತು ದಿನಕ್ಕೆ ಗಂಟು ಕಟ್ಟಬಹುದು. ತೀರ್ಪಿಗೂ ಜಾರಿಗೂ ನಡುವೆ ಇದ್ದ ಸಮಯ ಹೋಯಿತು. ವಿಮರ್ಶೆಗೆ ಇಷ್ಟು ಬೇಗ ಫಲ ಸಿಗುವಾಗ ಅದು ಹೆಚ್ಚು ಎಚ್ಚರದಿಂದಿರಬೇಕಿತ್ತು. ಆಗಿರುವುದು ಉಲ್ಟಾ.

2025ರ ಏಪ್ರಿಲ್ 26ರಂದು ಎನ್‌ಎಫ್‌ಎಲ್ ಡ್ರಾಫ್ಟ್‌ನ ಆರನೇ ಸುತ್ತು. ಫಿಲಡೆಲ್ಫಿಯಾ ಈಗಲ್ಸ್ 181ನೆಯ ಆಯ್ಕೆಯಲ್ಲಿ ಮೆಕಾರ್ಡ್ ಹೆಸರು ಕೂಗಿತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ 185ನೆಯದರಲ್ಲಿ ಹೋವರ್ಡ್ ಹೆಸರು. ಇಬ್ಬರನ್ನೂ ತಿಂಗಳುಗಟ್ಟಲೆ ಅಳೆದು ತೂಗಿದ ವೃತ್ತಿಪರರ ಕಣ್ಣಿಗೆ ನಡುವಿನ ಅಂತರ ಇಷ್ಟೇ, ಅದೂ ಊರು ಬಿಡಿಸಿದವನೇ ನಾಲ್ಕು ಹೆಜ್ಜೆ ಮುಂದೆ. ಈ ಸುದ್ದಿಯನ್ನು ಗೆಳೆಯನಿಗೆ ಹೇಳಿದೆ. ಅವನಿಗೆ ಪುರುಸೊತ್ತಿರಲಿಲ್ಲ. ಕೊಲಂಬಸ್‌ನಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಪೈಪೋಟಿ ಶುರುವಾಗಿತ್ತು, ಅಲಬಾಮಾದಿಂದ ಬಂದಿದ್ದ ಜೂಲಿಯನ್ ಸೇಯಿನ್ ಒಂದು ಕಡೆ, ಲಿಂಕನ್ ಕೀನ್‌ಹೋಲ್ಜ್ ಇನ್ನೊಂದು ಕಡೆ.

"ಕೀನ್‌ಹೋಲ್ಜ್ ಮಾತ್ರ ಬೇಡ ಕಣೋ," ಎಂದ. "ಮಿಸ್ಸೂರಿ ಮ್ಯಾಚಲ್ಲಿ ನೋಡಿದೀವಲ್ಲ, ಮೂರೇ ಮೂರು ಪಾಯಿಂಟು."